ಖಾಡಿಯ ನೀರೂ ಭಾನುವಾರದ ಗಾಳವೂ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ತಿಂಗಳ ಸಭೆಯಲ್ಲಿ ಒಂದು ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಹೇಳಿಕಳುಹಿಸಿದಾಗ, ಬ್ಯಾಂಕಿನ ಗುಮಾಸ್ತನಾದ ಇವನು ಉಳಿತಾಯದ ವಿಷಯವಾಗಿಯೋ ಬಡ್ಡಿಯ ದರದ ವಿಷಯವಾಗಿಯೋ ನಾಲ್ಕು ಮಾತು ಹೇಳಿಯಾನೆಂದು ಅವರು ಎಣಿಸಿದ್ದಿರಬೇಕು. ಆ ಲೆಕ್ಕಗಳು ನಮಗೆಲ್ಲರಿಗೂ ವಾರದ ಉಳಿದ ದಿನಗಳಲ್ಲಿ ಇದ್ದದ್ದೆ. ನಾನು ಈ ದಿನ ಹೇಳಹೊರಟಿರುವುದು ಭಾನುವಾರದ ಮಾತು: ಈ ಮುಂಬಯಿಯ ಉಪ್ಪುನೀರಿನ ಖಾಡಿಗಳಲ್ಲಿ ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸ. ಮೀನನ್ನು ಮುಟ್ಟದ ಮಹನೀಯರು ಇಲ್ಲಿ ಅನೇಕರಿದ್ದೀರೆಂಬುದನ್ನು ಬಲ್ಲೆ. ತಾವು ಎದ್ದು ಹೋಗಬೇಕಾಗಿಲ್ಲ. ನನ್ನ ಮಾತಿನಲ್ಲಿ ಅರ್ಧ ಪಾಲು ನೀರಿಗೆ ಸೇರಿದ್ದು, ಇನ್ನರ್ಧದಲ್ಲಿ ಸ್ವಲ್ಪ ಪಂಚಾಂಗಕ್ಕೂ ಸ್ವಲ್ಪ ಕನ್ನಡಕ್ಕೂ ಸೇರಿದ್ದು.

ಖಾಡಿ ಎಂದರೆ ನೆಲದೊಳಕ್ಕೆ ನುಗ್ಗಿದ ಕಡಲಿನ ತೋಳು. ನಮ್ಮ ಕಡೆ ಹೊಳೆಯು ಕಡಲನ್ನು ಸೇರುವ ಬಾಯಿಯನ್ನು ಅಳಿವೆ ಎನ್ನುತ್ತೇವೆ. ನಾನು ಹುಟ್ಟಿದ ಕುಂದಾಪುರದ ಬಳಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಒಂದಾಗಿ ಗಂಗೊಳ್ಳಿಯಲ್ಲಿ ಕಡಲನ್ನು ಕೂಡುತ್ತವೆ. ಮುಂಬಯಿಯ ಸುತ್ತಲೂ ಇಂಥ ಉಪ್ಪುನೀರು ಹಲವು ಕಡೆ ಇದೆ. ಪೂರ್ವಕ್ಕೆ ಸುಮಾರು 26 ಕಿಲೊಮೀಟರು ಉದ್ದದ ಠಾಣೆಯ ಖಾಡಿ. ಉತ್ತರಕ್ಕೆ ಉಲ್ಹಾಸ ನದಿಯ ನೀರನ್ನು ಹೊತ್ತ ವಸಯಿಯ ಖಾಡಿ. ಪಶ್ಚಿಮಕ್ಕೆ ಮನೋರಿ, ಮಲಾಡಗಳ ಖಾಡಿ. ವಾಶಿಯ ಸೇತುವೆಯ ಮೇಲೂ ಭಾಯಂದರದ ಸೇತುವೆಯ ಮೇಲೂ ನಮ್ಮಲ್ಲಿ ಎಷ್ಟೋ ಮಂದಿ ದಿನಕ್ಕೆರಡು ಸಲ ರೈಲಿನಲ್ಲಿ ಹಾದುಹೋಗುತ್ತೇವೆ. ಕೆಳಗಿನ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಕೇಳಿದರೆ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ? ಹದಿನೈದು ಇಪ್ಪತ್ತು ವರ್ಷ ಒಂದು ಊರಿನ ಅನ್ನ ತಿಂದವರು ಆ ಊರಿನ ನೀರಿನ ನಡೆಯನ್ನು ತಿಳಿಯದೆ ಇರುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಗಾಳ ಹಾಕುವವನು ಅದನ್ನು ತಿಳಿಯದೆ ಒಂದು ಮೀನನ್ನೂ ಹಿಡಿಯಲಾರ.

ಮೊದಲು ಉಬ್ಬರ ಇಳಿತದ ಮಾತು. ನಮ್ಮ ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಕಡಲು ಏರಿ ಇಳಿಯುವ ಪ್ರಮಾಣ ಸಣ್ಣದು. ಮುಂಬಯಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ಅದರ ಎರಡು ಪಾಲಿಗೂ ಮಿಕ್ಕಿ, ನಾಲ್ಕು ಮೀಟರನ್ನೂ ದಾಟಿ ಏರಿಳಿಯುವುದುಂಟು. ಬೆಳಿಗ್ಗೆ ಕೆಸರಿನ ಬಯಲಾಗಿದ್ದ ಸ್ಥಳದಲ್ಲಿ ಮಧ್ಯಾಹ್ನ ದೋಣಿ ತೇಲುತ್ತದೆ. ಈ ಏರಿಳಿತದ ಹೊತ್ತನ್ನು ತಿಳಿಯಲು ಕೊಂಕಣದ ದಂಡೆಯ ಮೀನುಗಾರರಲ್ಲಿ ಒಂದು ಲೆಕ್ಕವಿದೆ. ಮನೋರಿಯ ಮುದಿ ಮೀನುಗಾರರೊಬ್ಬರು ಅದನ್ನು ನನಗೆ ಹೇಳಿಕೊಟ್ಟರು. ಅವರನ್ನು ಎಲ್ಲರಂತೆ ನಾನೂ ದಾದಾ ಎನ್ನುತ್ತೇನೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಆ ದಾದಾ ಬಿ.ಕಾಂ. ಮಾಡಿದ ನನಗೆ ಕಲಿಸಿದ ಗಣಿತವಿದು: ಅಂದಿನ ತಿಥಿಯನ್ನು ಮುಕ್ಕಾಲಿನಿಂದ ಗುಣಿಸು, ಬಂದ ಅಂಕಿಯೆ ಪೂರ್ಣ ಉಬ್ಬರದ ಗಂಟೆ.

ಲೆಕ್ಕ ಹಾಕಿ ನೋಡಿರಿ. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು. ಮಧ್ಯಾಹ್ನ ಮೂರು ಗಂಟೆಗೂ ರಾತ್ರಿ ಮೂರು ಗಂಟೆಗೂ ನೀರು ತುಂಬಿರುತ್ತದೆ. ಷಷ್ಠಿಗೆ ನಾಲ್ಕೂವರೆ. ಅಷ್ಟಮಿಗೆ ಆರು. ದ್ವಾದಶಿಗೆ ಒಂಬತ್ತು. ಹುಣ್ಣಿಮೆ ಅಮಾವಾಸ್ಯೆಗಳಿಗೆ ಹನ್ನೊಂದೂಕಾಲರಿಂದ ಹನ್ನೆರಡರೊಳಗೆ. ಅದಕ್ಕೆ ಆರು ಗಂಟೆ ಕೂಡಿಸಿದರೆ ಪೂರ್ಣ ಇಳಿತ. ಕಾರಣ ಸರಳವಾದುದು: ಚಂದ್ರನು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ, ನೀರೂ ಅವನ ಹಿಂದೆ ಅಷ್ಟೆ ತಡವಾಗುತ್ತದೆ. ದಾದಾನ ಲೆಕ್ಕದಲ್ಲಿ 45 ನಿಮಿಷ ಹಿಡಿದಿರುವುದರಿಂದ ಅರ್ಧ ಗಂಟೆಯ ಹೆಚ್ಚುಕಡಿಮೆ ಬಂದೀತು. ಈಗ ಮೊಬೈಲಿನಲ್ಲಿ ನಿಮಿಷ ತಪ್ಪದ ಪಟ್ಟಿ ದೊರೆಯುತ್ತದೆ, ನಿಜ. ಆದರೂ ಗೋಡೆಯ ಮೇಲಿನ ಪಂಚಾಂಗವನ್ನು ನೋಡಿ ಕಡಲಿನ ಸಮಾಚಾರ ಹೇಳುವುದರಲ್ಲಿ ಒಂದು ಸುಖವಿದೆ. ಮನೆಯಾಕೆ ಏಕಾದಶಿಯನ್ನು ಹುಡುಕುವ ಪುಟದಲ್ಲಿಯೆ ಗಂಡ ಉಬ್ಬರವನ್ನು ಹುಡುಕಬಹುದು. ಈ ಲೆಕ್ಕ ಮುಂಬಯಿಯ ದಂಡೆಗೆ ಮಾತ್ರ ಎಂಬುದು ನೆನಪಿರಲಿ. ಒಂದೊಂದು ದಂಡೆಯ ಗಡಿಯಾರವೂ ಬೇರೆ. ಮದರಾಸಿನ ನಮ್ಮ ನೆಂಟರಿಗೆ ಇದನ್ನು ಬರೆದು ಕಳುಹಿಸಬೇಡಿರಿ.

ಇನ್ನು ಈ ಲೆಕ್ಕದಿಂದ ಗಾಳಕ್ಕೇನು ಲಾಭ? ನೀರು ಏರುವಾಗ ಮೀನು ಅದರೊಡನೆ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೇಯಲು ಬರುತ್ತದೆ. ಇಳಿಯುವಾಗ ಸಣ್ಣ ಸಣ್ಣ ತೋಡುಗಳಲ್ಲಿ ನೀರು ಹಿಂದಕ್ಕೆ ಸರಿಯುತ್ತ ಚಟ್ಲಿ, ಮರಿಮೀನುಗಳನ್ನು ಹೊರಗೆ ತರುತ್ತದೆ. ಆ ತೋಡುಗಳ ಬಾಯಲ್ಲಿ ದೊಡ್ಡ ಮೀನು ಕಾದು ನಿಂತಿರುತ್ತದೆ. ಆದುದರಿಂದ ಉಬ್ಬರದ ಕೊನೆಯ ಎರಡು ಗಂಟೆ, ಇಳಿತದ ಮೊದಲ ಎರಡು ಗಂಟೆ ಗಾಳಕ್ಕೆ ಪ್ರಶಸ್ತ. ನೀರು ನಿಶ್ಚಲವಾಗಿ ನಿಂತ ನಡುವಿನ ಹೊತ್ತು ಬುತ್ತಿ ಬಿಚ್ಚಲು ಪ್ರಶಸ್ತ. ನಮ್ಮ ಅಪ್ಪಯ್ಯ ಹೇಳುತ್ತಿದ್ದುದೂ ಇದನ್ನೆ: "ನೀರ್ ತಿರ್ಗ್ಲಿ, ಮಗಾ, ಆಮೇಲೆ ಗಾಳ ಹಾಕ್."

ಸಾಮಾನಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಸಾವಿರಾರು ರೂಪಾಯಿಯ ಕೋಲೂ ರೀಲೂ ಅಂಗಡಿಯಲ್ಲಿವೆ. ಕೈಗೆ ಸುತ್ತಿದ ನೈಲಾನ್ ದಾರ, ಒಂದು ಸೀಸದ ಗುಂಡು, ಒಂದು ಕೊಕ್ಕೆ, ಒಂದು ಹಸಿ ಚಟ್ಲಿ, ಇಷ್ಟರಿಂದಲೂ ಕೆಲಸವಾಗುತ್ತದೆ. ಮೀನು ಬೆಲೆಯ ಚೀಟಿಯನ್ನು ನೋಡುವುದಿಲ್ಲ.

ಈಗ ಮೀನುಗಳ ಪರಿಚಯ. ಎಲ್ಲವನ್ನೂ ಹೇಳುವುದಕ್ಕೆ ಹೊತ್ತು ಸಾಲದು, ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಕಾಣೆ. ಮರಳು ನೆಲದ ಮೇಲೆ ಹಿಂಡಾಗಿ ಮೇಯುವ, ಬೆರಳಿನಂತೆ ನೀಳವಾದ ಬೆಳ್ಳಿಯ ಬಣ್ಣದ ಮೀನು. ಗೋವೆಯವರಿಗೆ ಇದು ಮುಡ್ದೋಶಿ. ಇದರ ಕಚ್ಚು ಬಹಳ ಮೆತ್ತಗೆ. ದಾರವನ್ನು ಬೆರಳಿನ ತುದಿಯಲ್ಲಿ ಹಿಡಿದು, ಬಾಗಿಲ ಹೊರಗೆ ಯಾರೋ ಸಂಕೋಚದಿಂದ ತಟ್ಟಿದಂತೆ ಬರುವ ಆ ಸೂಚನೆಯನ್ನು ಅರಿಯಬೇಕು. ಅರಿಯದಿದ್ದರೆ ಕೊಕ್ಕೆಯ ಮೇಲಿನ ಚಟ್ಲಿ ಕಾಣೆ, ಕಾಣೆಯೂ ಕಾಣೆ. ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಮೀನಿಲ್ಲ.

ಎರಡನೆಯದು ಕೆಂಬೇರಿ. ಬಂಡೆಯ ಸಂದಿಯಲ್ಲಿ, ಕಾಂಡ್ಲಾದ ಬೇರಿನ ಬುಡದಲ್ಲಿ ಮನೆ ಮಾಡಿಕೊಂಡಿರುವ ತಾಮ್ರವರ್ಣದ ಗಟ್ಟಿ ಮೀನು. ಕಚ್ಚಿದ ಕ್ಷಣವೆ ಬೇರಿನೊಳಕ್ಕೆ ಧಾವಿಸಿ ದಾರವನ್ನು ಕತ್ತರಿಸುತ್ತದೆ. ಮರಾಠಿಯಲ್ಲಿ ಇದನ್ನು ತಾಂಬ ಎನ್ನುತ್ತಾರೆ. ನಮ್ಮವರು ಕೆಂಪನ್ನು ಕಂಡು ಹೆಸರಿಟ್ಟರು, ಇಲ್ಲಿಯವರು ತಾಮ್ರವನ್ನು ಕಂಡು ಹೆಸರಿಟ್ಟರು.

ಮೂರನೆಯದು ತೇಡೆ, ಇಲ್ಲಿಯ ಶಿಂಗಾಳಾ. ಮೀಸೆಯ ಮೀನು. ಬೆನ್ನಿನ ಮೇಲೊಂದು, ಎರಡು ಪಕ್ಕಗಳಲ್ಲಿ ಒಂದೊಂದು, ಹೀಗೆ ಮೂರು ಮುಳ್ಳುಗಳು, ಚುಚ್ಚಿದರೆ ನಂಜು. ಅಂಥ ಸಮಯದಲ್ಲಿ ತಡೆಯಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಮುಳುಗಿಸಿಟ್ಟರೆ ನೋವು ತಗ್ಗುತ್ತದೆ. ಆಮೇಲೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಈ ಒರಟು ಮೀನಿನ ಸಂಸಾರ ಮಾತ್ರ ಬಹು ಕೋಮಲವಾದುದು. ಹೆಣ್ಣು ಗೋಲಿಯಂಥ ದಪ್ಪ ಮೊಟ್ಟೆಗಳನ್ನು ಇಟ್ಟು ಹೋಗುತ್ತದೆ. ಗಂಡು ಅವನ್ನು ತನ್ನ ಬಾಯಲ್ಲಿ ತುಂಬಿಕೊಂಡು, ಮರಿಯಾಗುವವರೆಗೂ ವಾರಗಟ್ಟಲೆ ಉಪವಾಸವಿದ್ದು ಕಾಯುತ್ತದೆ. ಊರಿನಲ್ಲಿ ಸಂಸಾರವನ್ನು ಬಿಟ್ಟು ಇಲ್ಲಿ ಖಾನಾವಳಿಯಲ್ಲಿ ಉಂಡು ಹಣ ಕಳುಹಿಸಿದ ಹಳೆಯ ತಲೆಮಾರಿನ ತಂದೆಯರ ನೆನಪು ನನಗೆ ಈ ಮೀನನ್ನು ಕಂಡಾಗಲೆಲ್ಲ ಬರುವುದುಂಟು.

ನಾಲ್ಕನೆಯದು ಖಾಡಿಯ ಅರಸು, ಅಲ್ಲ, ಅರಸಿ. ನಮ್ಮಲ್ಲಿ ಕೊಳಜಿ. ಮರಾಠಿಯಲ್ಲಿ ಜಿತಾಡಾ, ಗೋವೆಯಲ್ಲಿ ಚೊಣಕ, ತಮಿಳಿನಲ್ಲಿ ಕೊಡುವಾ, ತೆಲುಗಿನಲ್ಲಿ ಪಂಡುಗಪ್ಪ, ಬಂಗಾಳಿಯಲ್ಲಿ ಭೆಟ್ಕಿ. ಆಸ್ಟ್ರೇಲಿಯಾದವರು ಅಲ್ಲಿಯ ಮೂಲನಿವಾಸಿಗಳ ಮಾತಿನಿಂದ ಬಾರಮುಂಡಿ ಎನ್ನುತ್ತಾರೆ. ದೊಡ್ಡ ಹುರುಪೆಯ ಮೀನೆಂದು ಅರ್ಥ. ಚೆನ್ನೈ, ಹೈದರಾಬಾದು, ಕಲಕತ್ತೆಗಳಲ್ಲಿರುವ ನಮ್ಮ ಬಂಧುಗಳು ಬೇರೆ ಬೇರೆ ಹೆಸರಿನಿಂದ ಉಣ್ಣುತ್ತಿರುವುದು ಈ ಒಂದೆ ಮೀನನ್ನು. ಬಾಯಿ ತೆರೆದು ನೀರಿನೊಡನೆ ಎರೆಯನ್ನು ಒಳಕ್ಕೆಳೆದುಕೊಳ್ಳುವಾಗ ಟಪ್ಪೆಂದು ಶಬ್ದವಾಗುತ್ತದೆ. ಆಮೇಲೆ ನೀರಿನಿಂದ ಮೇಲಕ್ಕೆ ಹಾರಿ ತಲೆಯನ್ನು ಕೊಡಹುತ್ತದೆ. ಕಿವಿರಿನ ಮುಚ್ಚಳದ ಅಂಚು ಕತ್ತಿಯಂತಿರುವುದರಿಂದ ಅಲ್ಲಿ ಕೈ ಹಾಕಬಾರದು.

ಅರಸಿ ಎಂದೇಕೆ ಹೇಳಿದೆನೆಂದರೆ, ಕೊಳಜಿಗಳು ಗಂಡಾಗಿ ಬಲಿತು ಆಮೇಲೆ ಹೆಣ್ಣಾಗುತ್ತವೆ. ಮೂರು ನಾಲ್ಕು ವರ್ಷಕ್ಕೆ ಗಂಡಾಗಿ ಪ್ರಾಯಕ್ಕೆ ಬಂದು, ಸುಮಾರು ಆರರಿಂದ ಎಂಟು ವರ್ಷದ ಹೊತ್ತಿಗೆ, ಉದ್ದ ಮೀಟರಿನ ಹತ್ತಿರಕ್ಕೆ ಬರುವಾಗ, ಅದೇ ಮೀನು ಹೆಣ್ಣಾಗುತ್ತದೆ. ಹೊಳೆಯಲ್ಲಿ ಬೆಳೆದರೂ ಮೊಟ್ಟೆಯಿಡಲು ಉಪ್ಪುನೀರಿನ ಅಳಿವೆಗೆ ಇಳಿದು ಬರುತ್ತದೆ. ದೊಡ್ಡದೊಂದು ಹೆಣ್ಣು ಇಡುವ ಮೊಟ್ಟೆ ಕೋಟಿಗಟ್ಟಲೆ. ಎಂದರೆ, ಗಾಳದವನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಆ ಭಾರಿ ಮೀನು ಹೆಚ್ಚುಕಡಿಮೆ ಯಾವಾಗಲೂ ತಾಯಿಯೆ.

ನನ್ನ ಮಾತಿನ ಮುಖ್ಯ ವಿಷಯ ಇಲ್ಲಿದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಆ ದೊಡ್ಡ ಮೀನು ಅಸಲು, ನಡುಗಾತ್ರದವು ಬಡ್ಡಿ. ಬಡ್ಡಿಯನ್ನು ತಿಂದವನ ಖಾತೆ ಮುಂದೆಯೂ ನಡೆಯುತ್ತದೆ. ಅಸಲನ್ನು ತಿಂದವನು ಖಾತೆಯನ್ನು ಮುಚ್ಚಬೇಕಾಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಾನೂನೆ ಹೀಗಿದೆ: 58 ಸೆಂಟಿಮೀಟರಿಗಿಂತ ಸಣ್ಣದಾದ ಬಾರಮುಂಡಿಯನ್ನೂ ಇಟ್ಟುಕೊಳ್ಳಕೂಡದು, 120 ಸೆಂಟಿಮೀಟರಿಗಿಂತ ದೊಡ್ಡದನ್ನೂ ಇಟ್ಟುಕೊಳ್ಳಕೂಡದು. ಮಹಾರಾಷ್ಟ್ರ ಸರಕಾರವೂ 2023ರಲ್ಲಿ 54 ಜಾತಿಗಳಿಗೆ ಕನಿಷ್ಠ ಗಾತ್ರವನ್ನು ಗೊತ್ತುಮಾಡಿತು. ಅದು ಮರಿಗಳನ್ನು ಕಾಯುವ ಕ್ರಮ. ತಾಯಂದಿರನ್ನು ಕಾಯುವ ಕ್ರಮವನ್ನು ಗಾಳದವರಾದ ನಾವು ಕಾನೂನಿಗೆ ಕಾಯದೆ ಪಾಲಿಸಬಹುದು.

ಅಸಲನ್ನು ತಿಂದರೆ ಏನಾಗುತ್ತದೆಂಬುದಕ್ಕೆ ನಮ್ಮ ಕರಾವಳಿಯಲ್ಲಿಯೆ ಸಾಕ್ಷಿಯಿದೆ. ಊರಿನವರೆಲ್ಲ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ ಹೋಗಿ, 1970ರ ದಶಕದ ನಡುವಿನಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂತು. ಬಾಯಲ್ಲಿ ಮೊಟ್ಟೆ ತುಂಬಿಕೊಂಡಿದ್ದ ತೇಡೆಯ ಗಂಡುಗಳ ಹಿಂಡುಗಳನ್ನು ಆ ಬಲೆ ಸುತ್ತುವರಿದು ಎಳೆಯಿತು. ಬಾಯಿಂದ ಬಿದ್ದ ಮೊಟ್ಟೆಗಳೂ ಮೀನಿನೊಡನೆ ನಾಶವಾದವು. 1947ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಗಲೆ ಎಚ್ಚರಿಕೆ ಕೊಟ್ಟಿದ್ದರು. ಮುಂದಿನ ವರ್ಷಗಳಲ್ಲಿ ನಮ್ಮ ಕರಾವಳಿಯ ತೇಡೆಯ ಹಿಡುವಳಿ ಕುಸಿದುಹೋಯಿತು. ಉಪವಾಸವಿದ್ದು ಮಕ್ಕಳನ್ನು ಕಾಯುವ ತಂದೆಯನ್ನು ಕೊಂದ ಮೇಲೆ ಮಕ್ಕಳು ಎಲ್ಲಿಂದ ಬರಬೇಕು?

ಇಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಕೇಳಬಹುದು. ನಮ್ಮ ಮನೆಯಲ್ಲಿ ಅತ್ತೆಯವರು ಕೇಳಿಯೇ ಇದ್ದಾರೆ. "ಹೊಟ್ಟೆಗೆಂದು ಹಿಡಿದರೆ ಒಂದು ಮಾತು, ಮೋಜಿಗೆಂದು ಒಂದು ಜೀವದ ಬಾಯಿಗೆ ಕೊಕ್ಕೆ ಹಾಕಿ ಎಳೆದು ಮತ್ತೆ ಬಿಡುವುದು ಯಾವ ಧರ್ಮವಪ್ಪಾ?" ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ನಾನು ಅವರಿಗೆ ಕೊಟ್ಟ ಉತ್ತರವನ್ನೆ ತಮ್ಮ ಮುಂದೆ ಇಡುತ್ತೇನೆ. ಅಡಿಗೆಗೆ ಬೇಕಾದಷ್ಟು ಸಿಕ್ಕಿದೊಡನೆ ದಾರವನ್ನು ಸುತ್ತಿಡಬೇಕು. ಇಟ್ಟುಕೊಳ್ಳುವ ಮೀನನ್ನು ಬಿಸಿಲಿನಲ್ಲಿ ಒದ್ದಾಡಲು ಬಿಡದೆ ಕೂಡಲೆ ಕೊಲ್ಲಬೇಕು. ಸಣ್ಣದೋ ತಾಯಿಯೋ ಬಂದರೆ ಕೈಯನ್ನು ಒದ್ದೆ ಮಾಡಿಕೊಂಡು ಹಿಡಿಯಬೇಕು; ಒಣ ಕೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಹೋಗಿ ರೋಗ ಹತ್ತುತ್ತದೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕುಳದಿಂದ ಮೊದಲೆ ಅದುಮಿಟ್ಟಿದ್ದರೆ ಸಲೀಸಾಗಿ ಬಿಡಿಸಬಹುದು. ದಿನವಿಡೀ ಹಿಡಿಹಿಡಿದು ಬಿಟ್ಟು ಲೆಕ್ಕ ಹೇಳಿಕೊಳ್ಳುವುದು ನನಗೂ ಸಮ್ಮತವಲ್ಲ. ಅತ್ತೆಯವರು ಪೂರ್ತಿ ಒಪ್ಪಲಿಲ್ಲ. ಆದರೆ ಕಾಣೆಯ ಸಾರನ್ನು ಬೇಡವೆಂದೂ ಹೇಳಲಿಲ್ಲ.

ಇನ್ನೊಂದು ಮಾತು ಅದಕ್ಕಿಂತ ಗುರುತರವಾದುದು. ನಮಗೆ ಭಾನುವಾರದ ಆಟವಾದ ನೀರು ಇಲ್ಲಿಯ ಕೋಲಿ ಜನರಿಗೆ ವಾರವಿಡೀ ಅನ್ನದ ನೀರು. ಮುಂಬಯಿ ಪಟ್ಟಣವಾಗುವ ಮೊದಲೂ ಅವರು ಇಲ್ಲಿದ್ದರು. ಶ್ರಾವಣದ ಹುಣ್ಣಿಮೆಯಂದು ಅವರು ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸುವ ನಾರಳಿ ಪೂರ್ಣಿಮೆಗೂ ನಮ್ಮ ಮೊಗವೀರ ಬಾಂಧವರ ಸಮುದ್ರಪೂಜೆಗೂ ನಂಟಿದೆ. ಅವರ ಬಲೆಯ ಗೂಟದ ಬಳಿ ಗಾಳ ಎಸೆಯಬಾರದು. ಹಿಡಿದ ಮೀನನ್ನು ಮಾರಬಾರದು. ದಡದಲ್ಲಿ ತುಂಡು ದಾರವನ್ನು ಬಿಟ್ಟುಬರಬಾರದು, ಅದು ಹಕ್ಕಿಯ ಕಾಲಿಗೆ ಉರುಳಾಗುತ್ತದೆ. ಸಂಬಳದವನು ಅನ್ನದವನ ದಾರಿಗೆ ಅಡ್ಡ ಬರಬಾರದೆಂಬುದೆ ಇದರ ಸಾರಾಂಶ.

ಈ ನೀರಿನ ಸ್ಥಿತಿ ಹೇಗಿದೆ ಎನ್ನುವಿರಾ? ಒಂದು ಕಣ್ಣಿಗೆ ಸುಣ್ಣ, ಒಂದು ಕಣ್ಣಿಗೆ ಬೆಣ್ಣೆ. ಠಾಣೆ-ಬೇಲಾಪುರದ ಕಾರಖಾನೆಗಳ ನೀರೂ ಊರಿನ ಕೊಳಚೆಯೂ ಸೇರಿ ಠಾಣೆಯ ಖಾಡಿ ಬಹಳ ನೊಂದಿದೆ. ನಾಲೆಯ ಬಾಯಲ್ಲಿ ಹಿಡಿದ ಮೀನನ್ನು ಮನೆಗೆ ತರಬೇಡಿರಿ. ಇನ್ನೊಂದು ಕಡೆ, 2005ರ ಜುಲೈ 26ರಂದು ಸಾಂತಾಕ್ರೂಜದಲ್ಲಿ ಒಂದೆ ದಿನ 944 ಮಿಲಿಮೀಟರು ಮಳೆ ಸುರಿದು ಊರು ಮುಳುಗಿದ ಮೇಲೆ, ನೀರನ್ನು ತಡೆದು ನಿಲ್ಲಿಸುವ ಕಾಂಡ್ಲಾ ಕಾಡಿನ ಬೆಲೆ ಜನಕ್ಕೆ ತಿಳಿಯಿತು. ಅದೇ ವರ್ಷ ಮುಂಬಯಿಯ ಉಚ್ಚ ನ್ಯಾಯಾಲಯ ಆ ಕಾಡನ್ನು ಕಡಿಯದಂತೆ ತಡೆದಿತ್ತು. 2012ರಲ್ಲಿ ರಾಜ್ಯದ ಅರಣ್ಯ ಇಲಾಖೆ ಅದಕ್ಕಾಗಿಯೆ ಒಂದು ಪ್ರತ್ಯೇಕ ವಿಭಾಗವನ್ನು ತೆರೆಯಿತು. 2015ರಲ್ಲಿ ಠಾಣೆಯ ಖಾಡಿಯ ಒಂದು ಭಾಗ ಫ್ಲೆಮಿಂಗೊ ಹಕ್ಕಿಗಳ ಅಭಯಧಾಮವಾಯಿತು. ಆ ಎಲ್ಲೆಯೊಳಗೆ ಗಾಳ ಹಿಡಿದು ಹೋಗುವ ಮೊದಲು ಅರಣ್ಯ ಇಲಾಖೆಯ ನಿಯಮವನ್ನು ಕೇಳಿ ತಿಳಿಯತಕ್ಕದ್ದು. 2022ರಲ್ಲಿ ಈ ಖಾಡಿಯೂ, 2024ರಲ್ಲಿ ನಮ್ಮ ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯೂ ರಾಮ್‌ಸಾರ್ ಒಪ್ಪಂದದ ಜಾಗತಿಕ ಪಟ್ಟಿಗೆ ಸೇರಿದವು. ಬಿಟ್ಟು ಬಂದ ದಂಡೆಯೂ ಬಂದು ಸೇರಿದ ದಂಡೆಯೂ ಒಂದೆ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು ನನಗಂತೂ ಸಂತೋಷದ ಸಂಗತಿ.

ಮಕ್ಕಳನ್ನು ಕರೆದೊಯ್ಯುವವರಿಗೆ ಎರಡು ಎಚ್ಚರಿಕೆ. ಉಬ್ಬರ ಏರುವಾಗ ಮುಂದಿನ ಬಂಡೆಗೆ ಹೋಗಬೇಡಿರಿ. ನೀರು ಎದುರಿನಿಂದ ಬರುವುದು ಕಾಣುತ್ತದೆ, ಬೆನ್ನ ಹಿಂದಿನ ತಗ್ಗನ್ನು ಅದು ತುಂಬಿದ್ದು ಕಾಣುವುದಿಲ್ಲ. ಇಳಿತದ ಕೆಸರಿಗೆ ಕಾಲಿಡಬೇಡಿರಿ. ಮೊಣಕಾಲಿನವರೆಗೆ ಹೂತ ಕಾಲನ್ನು ಕೀಳುವಷ್ಟರಲ್ಲಿ ನೀರು ತಿರುಗಿರುತ್ತದೆ. ಮಳೆಗಾಲದಲ್ಲಿ ದಂಡೆಗೆ ಹೋಗಲೆ ಬೇಡಿರಿ. ಜೂನ್, ಜುಲೈ ತಿಂಗಳು ಪಶ್ಚಿಮ ಕರಾವಳಿಯ ಯಂತ್ರದೋಣಿಗಳೂ ನಿಷೇಧದಿಂದ ದಡ ಸೇರಿರುತ್ತವೆ. ಆಗ ನಮ್ಮ ಗಾಳವೂ ಅಟ್ಟದ ಮೇಲೆ ವಿಶ್ರಮಿಸಲಿ.

ರಾಜ್ಯೋತ್ಸವದ ಸಂಚಿಕೆಗೆಂದು ಈ ಮಾತುಗಳನ್ನು ಬರೆದುಕೊಡುವಾಗ ಒಂದು ವಿಷಯ ಮನಸ್ಸಿಗೆ ಬಂತು. 1956ರ ನವೆಂಬರ್ 1ಕ್ಕೆ ಮೊದಲು ಕಾರವಾರದ ಕಡಲು ಮುಂಬಯಿಯ ಆಡಳಿತಕ್ಕೆ ಸೇರಿತ್ತು, ಮಂಗಳೂರಿನ ಕಡಲು ಮದರಾಸಿನ ಆಡಳಿತಕ್ಕೆ. ದಂಡೆ ಒಂದಾಯಿತು. ದಂಡೆಯ ಮಾತು ಮಾತ್ರ ನಮ್ಮ ಮನೆಗಳಲ್ಲಿ ಕರಗುತ್ತಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಭರತಿ-ಓಹೋಟಿ ಎಂದು ಕಲಿಯುತ್ತಾರೆ, ಹೈ ಟೈಡ್ ಎಂದೂ ಕಲಿಯುತ್ತಾರೆ. ಎರಡೂ ಬರಲಿ, ಒಳ್ಳೆಯದೆ. ಉಬ್ಬರ, ಇಳಿತ, ಅಳಿವೆ, ಕಾಂಡ್ಲಾ, ಕೆಂಬೇರಿ ಎಂಬ ಮಾತುಗಳು ಅವರಿಗೆ ಯಾವ ಪುಸ್ತಕದಿಂದ ಬರಬೇಕು? ಇವು ನೀರಿನ ಬದಿಯಲ್ಲಿ ನಿಂತು, ದಾರವನ್ನು ಹಿಡಿದು, ದೊಡ್ಡವರ ಬಾಯಿಂದ ಕೇಳಿ ಬರತಕ್ಕ ಮಾತುಗಳು.

ಆದುದರಿಂದ ಸಂಘಕ್ಕೆ ನನ್ನ ಎರಡು ಸೂಚನೆಗಳಿವೆ. ಮಳೆಗಾಲ ಕಳೆದ ಮೇಲೆ, ತಿಥಿ ನೋಡಿ, ಬೆಳಗಿನ ಒಂಬತ್ತು ಗಂಟೆಗೆ ಉಬ್ಬರ ಬರುವಂಥ ದ್ವಾದಶಿಯ ಆಸುಪಾಸಿನ ಒಂದು ಭಾನುವಾರ, ಮಾರ್ವೆಯ ದೋಣಿ ಹತ್ತಿ ಮಕ್ಕಳನ್ನು ಮನೋರಿಯ ದಂಡೆಗೆ ಕರೆದೊಯ್ಯೋಣ. ಗಾಳ ಬೇಡವೆನ್ನುವವರು ಹಕ್ಕಿಗಳನ್ನು ನೋಡಬಹುದು. ಎರಡನೆಯದು, ಸಂಘದ ವಾಚನಾಲಯದಲ್ಲಿ ಒಂದು ಖಾಲಿ ಲೆಡ್ಜರ್ ಪುಸ್ತಕವನ್ನಿಡೋಣ. ಅದನ್ನು ನಾನು ತಂದುಕೊಡುತ್ತೇನೆ. ಕುಂದಾಪುರದವರು, ಹೊನ್ನಾವರದವರು, ಅಂಕೋಲೆಯವರು, ಉಳ್ಳಾಲದವರು ತಮ್ಮ ತಮ್ಮ ಊರಿನಲ್ಲಿ ಮೀನಿಗೂ ನೀರಿಗೂ ಗಾಳಿಗೂ ಇರುವ ಹೆಸರುಗಳನ್ನು ಅದರಲ್ಲಿ ಬರೆಯಲಿ. ಎದುರಿನ ಅಂಕಣದಲ್ಲಿ ಇಲ್ಲಿಯ ಮರಾಠಿ ಹೆಸರನ್ನೂ ಬರೆಯಲಿ. ಬರೆಯಲು ಬಾರದ ಅಜ್ಜಿಯಂದಿರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಆ ಅಜ್ಜಿಯಂದಿರು ನಮ್ಮ ಅಸಲು. ಅವರಿರುವಾಗಲೆ ಈ ಖಾತೆಯನ್ನು ತೆರೆಯಬೇಕು.